ಕಾಯಿಲೆ ಇದ್ದೂ ತೂಕ ಇಳಿಸೋದು ಹೇಗೆ: ಕೆಟ್ಟ ದಿನದಿಂದ ಲೆಕ್ಕ ಶುರು ಮಾಡಿ

ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು ನಾನು. ವಯಸ್ಸು 46. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ನಮ್ಮ ಅತ್ತೆ ಅದನ್ನು 'ಕೀಲು ಹಿಡಿಯೋ ರೋಗ' ಅಂತಾರೆ. ಅದು ಸಾಲದು ಅಂತ ಥೈರಾಯ್ಡ್ ಬೇರೆ. ಕಾಯಿಲೆ ಶುರುವಾದಾಗ 64 ಕೆಜಿ ಇದ್ದೆ, ಎರಡು ವರ್ಷದಲ್ಲಿ 79 ಆದೆ. ಅಳತೆ ಕೊಡೋಕೆ ಬಂದ ಹೆಂಗಸರು ಕಣ್ಣಲ್ಲೇ ನನ್ನ ಅಳತೆ ತಗೊಂಡು ಹೋಗುತ್ತಿದ್ದರು. "ಏನ್ರೀ, ಇಷ್ಟೊಂದು ದಪ್ಪ ಆಗಿಬಿಟ್ಟಿದೀರಿ, ಕೂತು ಕೂತು ಹೀಗಾಯ್ತೇನು?"

ಈಗ 73 ಇದ್ದೇನೆ. ಆರು ಕೆಜಿ ಇಳಿಯೋಕೆ 14 ತಿಂಗಳು ಹಿಡಿಯಿತು. ವಿಡಿಯೋದವರು ಇಷ್ಟನ್ನು ಹತ್ತು ದಿನದಲ್ಲಿ ಇಳಿಸಿಕೊಡುತ್ತಾರಂತೆ. ಅವರಿಗೆ ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಬರುತ್ತದೆ, ಬಿಡಿ.

ಅದಕ್ಕೂ ಮೊದಲು ಮೂರು ಸಲ ಡಯಟ್ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದೆ. ಯಾಕೆ ಬಿಟ್ಟೆ ಅನ್ನೋದು ತಡವಾಗಿ ಹೊಳೆಯಿತು. ಮೂರೂ ಸಲ ಮೈ ಹಗುರವಾಗಿದ್ದ ದಿನ ಕೂತು ಪ್ಲಾನ್ ಬರೆದಿದ್ದೆ. ಐದಕ್ಕೆ ಏಳೋದು, ಒಂದು ಗಂಟೆ ನಡೆಯೋದು, ತರಕಾರಿ ಹೆಚ್ಚಿ ಸಲಾಡ್ ಮಾಡೋದು, ರಾತ್ರಿಗೆ ಬಿಸಿ ರೊಟ್ಟಿ ಬಡಿಯೋದು. ಹದಿನೈದು ದಿನದೊಳಗೆ ಮಣಿಕಟ್ಟು ಊದಿಕೊಂಡ ದಿನ ಬಂದೇ ಬರುತ್ತಿತ್ತು. ಅವತ್ತು ಚಾಕು ಹಿಡಿಯೋಕೆ ಆಗದೆ ಮಗನ ಕೈಲಿ ಬೆಣ್ಣೆ ದೋಸೆ ಪಾರ್ಸೆಲ್ ತರಿಸಿದರೆ, ಮರುದಿನ 'ಹೇಗೂ ಕೆಟ್ಟಿತಲ್ಲ' ಅಂತ ಎಲ್ಲ ಬಿಟ್ಟುಬಿಡುತ್ತಿದ್ದೆ. ಆದ್ದರಿಂದ ನಾನು ಹೇಳೋದು ಇಷ್ಟೇ. ನಿಮ್ಮ ಅತಿ ಕೆಟ್ಟ ದಿನ ಹೇಗಿರುತ್ತದೆ ಅಂತ ನೋಡಿ, ಪ್ಲಾನನ್ನು ಆ ದಿನಕ್ಕೆ ಹೊಲಿಯಿರಿ. ಒಳ್ಳೆಯ ದಿನ ಅದು ಸ್ವಲ್ಪ ಸಡಿಲ ಅನಿಸಿದರೆ ಅನಿಸಲಿ.

ಮೊದಲು ಮಾತ್ರೆ ಡಬ್ಬಿ ಬಿಚ್ಚಿ

ಊಟ ಕಡಿಮೆ ಮಾಡೋ ಮುಂಚೆ ಒಂದು ಹಾಳೆ ತಗೊಳ್ಳಿ. ಯಾವ ಮಾತ್ರೆ ಯಾವ ತಿಂಗಳು ಶುರುವಾಯಿತು ಅಂತ ಒಂದು ಕಡೆ, ಆಗ ತೂಕ ಎಷ್ಟಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ಹಳೇ ಚೀಟಿಗಳಲ್ಲಿ ತೂಕ ಬರೆದಿರುತ್ತಾರೆ, ಹುಡುಕಿದರೆ ಸಿಗುತ್ತದೆ. ನನ್ನ ಹಾಳೆಯಲ್ಲಿ 15 ಕೆಜಿಯಲ್ಲಿ 9 ಕೆಜಿ, ಕೀಲಿನ ಊತಕ್ಕೆ ಕೊಡೋ ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ಶುರುವಾದ ಏಳು ತಿಂಗಳಲ್ಲೇ ಬಂದಿತ್ತು. ಅದನ್ನು ನೋಡಿದ ಮೇಲೆ ನನ್ನನ್ನು ನಾನೇ ಹೊಟ್ಟೆಬಾಕಿ ಅಂತ ಬೈದುಕೊಳ್ಳೋದು ನಿಲ್ಲಿಸಿದೆ.

ಪ್ರೆಡ್ನಿಸೊಲೋನ್ ಥರದ ಸ್ಟೆರಾಯ್ಡ್ ಹಸಿವು ಹೆಚ್ಚಿಸುತ್ತದೆ, ಮೈಯಲ್ಲಿ ನೀರು ಹಿಡಿಸುತ್ತದೆ, ಕೊಬ್ಬನ್ನು ಮುಖ, ಹೊಟ್ಟೆ, ಕತ್ತಿನ ಹಿಂದೆ ತಂದು ಕೂರಿಸುತ್ತದೆ. ಶುಗರ್‌ಗೆ ಕೊಡುವ ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್‌ನಲ್ಲೂ ತೂಕ ಏರಬಹುದು. ಮೆಟ್‌ಫಾರ್ಮಿನ್‌ನಲ್ಲಿ ಸಾಮಾನ್ಯವಾಗಿ ಏರಲ್ಲ. ನರದ ನೋವಿನ ಪ್ರೀಗಾಬಾಲಿನ್, ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್, ಮನಸ್ಸಿನ ಕಾಯಿಲೆಯ ಓಲಾಂಜಪೀನ್, ಮಿರ್ಟಜಪೀನ್ ಕೂಡ ಇದೇ ಸಾಲಿಗೆ ಸೇರುತ್ತವೆ. ಈ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ ನೇರವಾಗಿ ಕೇಳಿ: "ಇದರಲ್ಲಿ ತೂಕ ಏರಿಸೋದು ಯಾವುದು? ಬದಲಿಗೆ ಬೇರೆ ಇದೆಯಾ? ಡೋಸ್ ಇಳಿಸೋ ಪ್ಲಾನ್ ಇದೆಯಾ?" ಬರೀ "ತೂಕ ಇಳಿಸ್ಬೇಕಿತ್ತು ಸಾರ್" ಅಂದರೆ "ವಾಕಿಂಗ್ ಮಾಡಮ್ಮಾ" ಅಂತ ಮುಂದಿನ ಪೇಷಂಟ್ ಕರೆಯುತ್ತಾರೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸ್ಟೆರಾಯ್ಡನ್ನು ನೀವಾಗೇ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ. ಐದು ತಿಂಗಳು ತಗೊಂಡು, ತಂಗಿ ಮಗಳ ಮದುವೆಗೆ ಮುಖ ಇಳಿಯಲಿ ಅಂತ ಯಾರಿಗೂ ಹೇಳದೆ ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಹಾಲಿನ ಪಾಕೀಟು ಎತ್ತಿಕೊಳ್ಳೋಕೆ ಬಾಗಿಲಿಗೆ ಹೋದವಳು ಹೊಸ್ತಿಲ ಮೇಲೇ ಕುಸಿದು ಕೂತೆ. ಕಣ್ಣು ಕತ್ತಲೆ, ವಾಂತಿ, ಕೈಕಾಲಲ್ಲಿ ಜೀವವೇ ಇಲ್ಲ. ಪಾಕೀಟು ಒಡೆದು ಹಾಲು ಮೆಟ್ಟಿಲ ತನಕ ಹರಿದಿತ್ತು, ಅದನ್ನೇ ನೋಡುತ್ತಾ ಕೂತಿದ್ದೆ, ಒರೆಸಬೇಕು ಅಂತಲೂ ಅನಿಸಲಿಲ್ಲ. ನಮ್ಮನೆಯವರು ಆಟೋ ಹಿಡಿದು ಆಸ್ಪತ್ರೆಗೆ ಕರಕೊಂಡು ಹೋದಾಗ ಬಿಪಿ ತಳ ಹಿಡಿದಿತ್ತು. ಆಗಿದ್ದು ಇಷ್ಟು: ಕಿಡ್ನಿ ಮೇಲೆ ಅಡ್ರಿನಲ್ ಅಂತ ಪುಟ್ಟ ಗ್ರಂಥಿ ಇದೆ, ಸ್ಟೆರಾಯ್ಡ್ ಮಾತ್ರೆ ಥರದ್ದೇ ಹಾರ್ಮೋನನ್ನು ಮೈಯೊಳಗೆ ಅದೇ ಮಾಡುತ್ತದೆ. ಹೊರಗಿಂದ ಮಾತ್ರೆ ವಾರಗಟ್ಟಲೆ ಬಂದರೆ ಅದು ಕೆಲಸ ಬಿಟ್ಟು ಮಲಗುತ್ತದೆ. ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಅದೂ ಇಲ್ಲ, ಇದೂ ಇಲ್ಲ. ಜೀವಕ್ಕೇ ಅಪಾಯ. ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಥೈರಾಯ್ಡ್ ಮಾತ್ರೆಯಲ್ಲೂ ಒಂದು ಪೆದ್ದ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಕಾಫಿ ಜೊತೆ ಅದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗುತ್ತಿದ್ದೆ, ಒಂದೇ ಸಲ ಮುಗಿಯಲಿ ಅಂತ. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತೋದೇ ಇಲ್ಲ. ಬರೀ ಹೊಟ್ಟೆಯಲ್ಲಿ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ನಾಲ್ಕು ಗಂಟೆ ಬಿಟ್ಟು ಕ್ಯಾಲ್ಸಿಯಂ ಅಥವಾ ಐರನ್. ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮತ್ತೆ ಮಾಡಿಸಬೇಕು. ಆದರೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬೇಡಿ. ಸಾಮಾನ್ಯವಾಗಿ ಅದರಿಂದ ಬರೋದು ಎರಡರಿಂದ ನಾಲ್ಕೈದು ಕೆಜಿ, ಅದರಲ್ಲೂ ಬಹುಪಾಲು ನೀರು.

ತಕ್ಕಡಿ ವಾರಕ್ಕೊಮ್ಮೆ, ಟೇಪು ತಿಂಗಳಿಗೆರಡು ಸಲ

ದಿನಾ ತಕ್ಕಡಿ ಹತ್ತಿದರೆ ತಲೆ ಕೆಡುತ್ತದೆ. ಸ್ಟೆರಾಯ್ಡ್ ಇದ್ದವರಿಗೆ, ಮುಟ್ಟಿನ ದಿನಗಳಲ್ಲಿ, ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನ, ನೀರಿನಿಂದಲೇ ಒಂದೆರಡು ಕೆಜಿ ಆಚೀಚೆ ಆಗುತ್ತದೆ. ವಾರಕ್ಕೊಂದು ದಿನ ಬೆಳಿಗ್ಗೆ, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ನೋಡಿದರೆ ಸಾಕು.

ಟೇಪಿನ ವಿಷಯಕ್ಕೆ ಬಂದರೆ ಅದು ನನ್ನ ಕಸುಬು, ಸ್ವಲ್ಪ ಉದ್ದ ಹೇಳುತ್ತೇನೆ. ಸೀರೆ ಕಟ್ಟೋ ಜಾಗದಲ್ಲಿ ಅಳೆಯಬೇಡಿ, ಅದು ಸೊಂಟದ ಮೂಳೆ. ಪಕ್ಕೆಲುಬಿನ ಕೊನೆ ಬೆರಳಿಗೆ ಸಿಗುತ್ತಲ್ವಾ, ಅದಕ್ಕೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟು ನಿಲ್ಲಿ, ಹೊಟ್ಟೆ ಒಳಗೆ ಎಳೆಯಬೇಡಿ. (ನನ್ನ ಎದುರು ಎಲ್ಲರೂ ಎಳೆಯುತ್ತಾರೆ. ಆಮೇಲೆ ಬ್ಲೌಸ್ ಬಿಗಿ ಅಂತ ನನ್ನ ಹತ್ತಿರವೇ ಜಗಳಕ್ಕೆ ಬರುತ್ತಾರೆ.) ಟೇಪಿನ ಕೆಳಗೆ ಒಂದು ಬೆರಳು ಆಡುವಷ್ಟು ಜಾಗ ಇರಲಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ದಾಟಿದರೆ ಹುಷಾರಾಗಬೇಕು ಅನ್ನುತ್ತಾರೆ. ನನ್ನದು 98 ಇತ್ತು, ಈಗ 90. ತೂಕ ಅಲ್ಲಾಡದ ಎರಡು ತಿಂಗಳಲ್ಲಿ ಟೇಪು 2 ಸೆಂಟಿಮೀಟರ್ ಇಳಿದಿತ್ತು. ಅದು ಗೊತ್ತಾಗದಿದ್ದರೆ ನಾಲ್ಕನೇ ಸಲವೂ ಬಿಡುತ್ತಿದ್ದೆ.

ಗುರಿ ಎಷ್ಟಿರಬೇಕು? ಇರೋ ತೂಕದಲ್ಲಿ ನೂರಕ್ಕೆ ಐದು ಇಳಿದರೂ ಶುಗರ್, ಬಿಪಿಗೆ ಗುಣ ಕಾಣುತ್ತದೆ. 80 ಕೆಜಿ ಇದ್ದವರಿಗೆ 4 ಕೆಜಿ. ಮಂಡಿ ನೋವಿದ್ದವರಿಗೆ ಇನ್ನೊಂದು ಲೆಕ್ಕ ಇದೆ: ಮೈಯಲ್ಲಿ ಒಂದು ಕೆಜಿ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆ. ಮದುವೆಗೆ ಮುಂಚಿನ ತೂಕಕ್ಕೆ ಹೋಗಬೇಕು ಅನ್ನೋದನ್ನ ಸದ್ಯಕ್ಕೆ ಮರೆತುಬಿಡಿ.

ಕೆಟ್ಟ ದಿನದ ಅಡುಗೆಮನೆ

ಮೊದಲು ಕೆಟ್ಟ ದಿನ ಯಾವಾಗ ಬರುತ್ತದೆ ಅಂತ ಒಂದು ತಿಂಗಳು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಎಲ್ಲವೂ ಹೇಳದೆ ಕೇಳದೆ ಬರೋದಿಲ್ಲ. ನಾನು ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಮೆಥೋಟ್ರೆಕ್ಸೇಟ್ ತಗೊಳ್ಳುತ್ತೇನೆ. (ಕೀಲಿನ ಕಾಯಿಲೆಗೆ ಅದು ವಾರಕ್ಕೊಂದೇ ದಿನ, ದಿನಾ ತಗೊಂಡರೆ ವಿಷ, ನೆನಪಿರಲಿ.) ಸೋಮವಾರ ಇಡೀ ವಾಕರಿಕೆ, ಅಡುಗೆಮನೆ ವಾಸನೆಯೇ ಆಗಲ್ಲ. ಅವತ್ತು ಬೇಕರಿಯ ಬನ್ನು, ಟೀ, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಿದ್ದೆ. ಹಾಗಾಗಿ ಸೋಮವಾರಕ್ಕೆ ಬೇಕಾದ್ದನ್ನು ಶನಿವಾರವೇ ಇಡಬೇಕು ಅಂತ ಗೊತ್ತಾಯಿತು.

ಶನಿವಾರ ಅರ್ಧ ಕೆಜಿ ಹೆಸರುಕಾಳು, ಮಡಿಕೆಕಾಳು ನೆನೆಸಿ ಬೇಯಿಸಿ, ನಾಲ್ಕು ಡಬ್ಬಿಗೆ ಹಾಕಿ ಎರಡನ್ನು ಫ್ರಿಜ್ಜಿನಲ್ಲಿ, ಎರಡನ್ನು ಫ್ರೀಜರಿನಲ್ಲಿ ಇಡುತ್ತೇನೆ. ಕುಕ್ಕರ್ ಮುಚ್ಚಳ ತೆಗೆಯೋಕೆ ನನಗೆ ಆಗಲ್ಲ, ಮಗ ತೆಗೆದುಕೊಡುತ್ತಾನೆ, ಕೇಳೋಕೆ ನಾಚಿಕೆ ಇಲ್ಲ. ಖಡಕ್ ಜೋಳದ ರೊಟ್ಟಿ ಅಂಗಡಿಯಿಂದಲೇ ತರುತ್ತೇವೆ, ತಿಂಗಳುಗಟ್ಟಲೆ ಇರುತ್ತದೆ, ಬಡಿಯೋ ಕೆಲಸ ಇಲ್ಲ. ಎದ್ದು ನಿಲ್ಲಲೂ ಆಗದ ದಿನ ನನ್ನ ಊಟ ಹೀಗೆ: ಒಂದು ಖಡಕ್ ರೊಟ್ಟಿ ಮುರಿದು, ಮೇಲೆ ಕಾಳು, ಮೊಸರು, ಶೇಂಗಾ ಚಟ್ನಿಪುಡಿ ಒಂದು ಚಮಚ, ಜೊತೆಗೆ ಸೌತೆಕಾಯಿ ಇದ್ದರೆ ಹೆಚ್ಚದೆ ಹಾಗೇ ಕಚ್ಚಿ ತಿನ್ನೋದು. ಐದು ನಿಮಿಷ ಸಾಕು. ಇದಕ್ಕೆ ಡಯಟ್ ಅಂತ ಹೆಸರೇ ಬೇಡ.

ಪ್ರತಿ ಹೊತ್ತಿಗೆ ಕಾಳು, ಬೇಳೆ, ಮೊಟ್ಟೆ, ಮೊಸರು, ಕೋಳಿ, ಮೀನು, ಇವುಗಳಲ್ಲಿ ಒಂದು ಇರಲೇಬೇಕು. ಸ್ಟೆರಾಯ್ಡ್ ಮಾಂಸಖಂಡ ಕರಗಿಸುತ್ತದೆ, ಬರೀ ಉಪವಾಸ ಮಾಡಿದರೂ ಅದೇ ಕರಗುತ್ತದೆ. ಎರಡೂ ಸೇರಿದರೆ ತಕ್ಕಡಿ ಇಳಿಯುತ್ತದೆ, ಜೊತೆಗೆ ಕಾಲಿನ ಶಕ್ತಿಯೂ ಇಳಿಯುತ್ತದೆ. ಊರಿನಲ್ಲೇ ತೂಕ ಇಳಿಸಿಕೊಡೋ ಒಂದು ಕಡೆ ಸೇರಿಕೊಂಡು ಮೂರು ವಾರ ಊಟದ ಬದಲು ಬರೀ ಶೇಕ್ (ಪುಡಿ ಕಲಸಿದ ಪಾನೀಯ) ಕುಡಿದಾಗ ನನಗೆ ಆಗಿದ್ದೇ ಇದು. 4 ಕೆಜಿ ಇಳಿಯಿತು, ದೊಡ್ಡ ಕತ್ತರಿಯಲ್ಲಿ ಲೈನಿಂಗ್ ಬಟ್ಟೆ ಕತ್ತರಿಸೋಕೂ ಕೈ ನಡುಗುತ್ತಿತ್ತು. ಬಿಟ್ಟ ಎರಡು ತಿಂಗಳಿಗೆ 5 ಕೆಜಿ ವಾಪಸ್ ಬಂತು.

ಸ್ಟೆರಾಯ್ಡ್ ಹಸಿವಿಗೆ ಒಂದು ಹೊತ್ತು ಇದೆ. ಬೆಳಿಗ್ಗೆ ಮಾತ್ರೆ ನುಂಗಿದರೆ ನನಗೆ 11 ಗಂಟೆಗೆ ಒಂದು ಸಲ, ಸಂಜೆ 5ಕ್ಕೆ ಒಂದು ಸಲ ಹೊಟ್ಟೆ ಬೆಂಕಿ ಹತ್ತಿದ ಹಾಗೆ ಆಗುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳೋದಕ್ಕಿಂತ ಆ ಹೊತ್ತಿಗೆ ಮುಂಚೆಯೇ ಏನಾದರೂ ತಿನ್ನೋದು ಸುಲಭ. ಹನ್ನೊಂದಕ್ಕೆ ಒಂದು ಹಿಡಿ ಹುರಿಗಡಲೆ, ಮಜ್ಜಿಗೆ. ಸಂಜೆಗೆ ಮಂಡಕ್ಕಿ. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡಿ ಅಂದರೆ ಯಾರು ಕೇಳುತ್ತಾರೆ? ಆದರೆ 'ಮಂಡಕ್ಕಿ ಹಗುರ, ಏನೂ ಆಗಲ್ಲ' ಅನ್ನೋದು ಪೂರ್ತಿ ನಿಜ ಅಲ್ಲ. ತೂಕಕ್ಕೆ ತೂಕ ಹಿಡಿದರೆ ಅದೂ ಅಕ್ಕಿಯೇ, ಶುಗರ್ ಇದ್ದವರಿಗೆ ಬೇಗ ಏರಿಸುತ್ತದೆ. ಒಗ್ಗರಣೆ ಎಣ್ಣೆ, ಜೊತೆಗೆ ನಾಲ್ಕು ಮೆಣಸಿನಕಾಯಿ ಬಜ್ಜಿ ಸೇರಿದರೆ ಒಂದು ಊಟವೇ ಆಯಿತು. ನಾನು ಒಂದು ಬಟ್ಟಲು ಒಣ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಎರಡು ಚಮಚ ಪುಟಾಣಿ ಪುಡಿ, ನಿಂಬೆರಸ ಹಾಕಿ ಕಲಸುತ್ತೇನೆ. ಬಜ್ಜಿ ಒಂದು. ಹೌದು, ಒಂದು ತಿನ್ನುತ್ತೇನೆ.

ಬೆಣ್ಣೆ ದೋಸೆ ಹದಿನೈದು ದಿನಕ್ಕೊಮ್ಮೆ, ಒಳ್ಳೆಯ ದಿನ ನೋಡಿ, ಹೋಟೆಲಿಗೇ ಹೋಗಿ, ಬಿಸಿಬಿಸಿ. ನೋವಿಗೆ ಸಮಾಧಾನ ಅಂತ ಪಾರ್ಸೆಲ್ ತರಿಸೋದನ್ನ ಮಾತ್ರ ನಿಲ್ಲಿಸಿದೆ. ಹೇಗೂ ಪಾರ್ಸೆಲ್ ದೋಸೆ ಬೆವೆತು ಮೆತ್ತಗಾಗಿರುತ್ತದೆ, ದೋಸೆಗೂ ಅವಮಾನ.

ಎಣ್ಣೆ ಕ್ಯಾನಿನ ಲೆಕ್ಕ

ಇಡೀ 14 ತಿಂಗಳಲ್ಲಿ ಅತಿ ಕಡಿಮೆ ಕಷ್ಟಕ್ಕೆ ಅತಿ ಹೆಚ್ಚು ಫಲ ಕೊಟ್ಟಿದ್ದು ಇದು. ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 5 ಲೀಟರ್ ಕ್ಯಾನ್ ಮುಗಿಯುತ್ತಿತ್ತು. ಒಬ್ಬರಿಗೆ ದಿನಕ್ಕೆ ಸುಮಾರು 41 ಮಿಲಿ ಆಯಿತು, ಅಂದರೆ 340 ಕ್ಯಾಲೊರಿ ಬರೀ ಎಣ್ಣೆಯಿಂದ. ಈಗ 3 ಲೀಟರ್. ದಿನಕ್ಕೆ ಒಬ್ಬರಿಗೆ 25 ಮಿಲಿ, ಸುಮಾರು 205 ಕ್ಯಾಲೊರಿ. ರೊಟ್ಟಿ, ಅನ್ನ ಏನೂ ಮುಟ್ಟದೆ ಒಬ್ಬರಿಗೆ ತಿಂಗಳಿಗೆ ಸುಮಾರು 4,000 ಕ್ಯಾಲೊರಿ ಉಳಿಯಿತು. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದರೆ ಕಾಗದದ ಮೇಲೆ ತಿಂಗಳಿಗೆ ಅರ್ಧ ಕೆಜಿ. ಮೈ ಕಾಗದದ ಲೆಕ್ಕ ಪೂರ್ತಿ ಕೇಳಲ್ಲ, ಆದರೂ ಇಲ್ಲಿಂದಲೇ ಶುರು ಮಾಡಿ.

ಮಾಡೋದು ಹೇಗೆಂದರೆ, ಒಂದನೇ ತಾರೀಖು ತಿಂಗಳ ಎಣ್ಣೆಯನ್ನು ಬೇರೆ ಕ್ಯಾನಿಗೆ ಹಾಕಿ, ಅದರ ಮೇಲೆ ವಾರದ ಗೆರೆ ಎಳೆಯಿರಿ. ನಾನು ಬಟ್ಟೆಗೆ ಗುರುತು ಹಾಕೋ ಚಾಕ್‌ನಲ್ಲಿ ಎಳೆದೆ, ಅಳಿಸಿ ಹೋಯಿತು, ಆಮೇಲೆ ಮಾರ್ಕರ್. ಒಗ್ಗರಣೆಗೆ ಕ್ಯಾನ್ ಬಗ್ಗಿಸೋದು ಬೇಡ, ಚಮಚದಲ್ಲೇ ಹಾಕಿ. ಎಣ್ಣೆಗಾಯಿ ಮಾಡಿದ ವಾರ ಗೆರೆ ದಾಟುತ್ತದೆ. ಅತ್ತೆ ಮೊದಲ ತಿಂಗಳು "ಪಲ್ಯಕ್ಕೆ ರುಚಿನೇ ಇಲ್ಲ ಕಣವ್ವಾ" ಅಂತ ಮುಖ ಗಂಟು ಹಾಕಿದ್ದರು. ಶೇಂಗಾ ಪುಡಿ, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಮಾಡಿದೆ, ಸುಮ್ಮನಾದರು.

ನಡಿಗೆ, ಆದರೆ ನಿಮ್ಮ ಅಳತೆಯದು

ಹತ್ತು ಸಾವಿರ ಹೆಜ್ಜೆ ನಮಗಲ್ಲ. ನಾನು ಶುರು ಮಾಡಿದ್ದು ಮನೆಯೊಳಗೆ ಐದು ನಿಮಿಷದಿಂದ, ಹಾಲ್‌ನಿಂದ ಹಿತ್ತಲಿಗೆ. ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ ಹೋದೆ. ಈಗ ಒಳ್ಳೆಯ ದಿನ ಕುಂದವಾಡ ಕೆರೆ ಏರಿ ಮೇಲೆ 25 ನಿಮಿಷ ನಡೆಯುತ್ತೇನೆ, ಬೇಸಿಗೆಯಲ್ಲಿ ಬಿಸಿಲು ಏರೋ ಮುಂಚೆ. ಪಕ್ಕದಲ್ಲಿ ಯಾರೋ ಓಡಿಕೊಂಡು ಹೋಗುತ್ತಾರೆ, ಹೋಗಲಿ.

ಜಾಸ್ತಿ ಆಯಿತಾ ಅಂತ ತಿಳಿಯೋದು ಹೇಗೆ? ನಡೆದು ಎರಡು ಗಂಟೆ ಆದ ಮೇಲೂ ನೋವು ಮೊದಲಿಗಿಂತ ಹೆಚ್ಚೇ ಇದ್ದರೆ ಜಾಸ್ತಿ ಆಗಿದೆ, ನಾಳೆ ಕಡಿಮೆ ಮಾಡಿ. ಕೀಲು ಬಿಸಿಯಾಗಿ ಕೆಂಪಾಗಿ ಊದಿದ್ದರೆ ಆ ಕೀಲಿಗೆ ಅವತ್ತು ರಜೆ, ಮೆಲ್ಲಗೆ ಮಡಚಿ ಬಿಡಿಸಿದರೆ ಸಾಕು. ಇನ್ನು ಒಂದು ದಿನ ಚೆನ್ನಾಗಿದೆ ಅಂತ ಮೂರು ದಿನದ ಕೆಲಸ ಮಾಡೋದು ಬೇಡವೇ ಬೇಡ. ಮದುವೆ ಸೀಸನ್ನಿನಲ್ಲಿ ಒಂದೇ ದಿನ ಒಂಬತ್ತು ಬ್ಲೌಸ್ ಕತ್ತರಿಸಿ ನಾಲ್ಕು ದಿನ ಮಲಗಿದ್ದೇನೆ. ದಣಿವೇ ಕಾಯಿಲೆ ಆಗಿರುವವರಿಗೆ, ಅಂದರೆ ಸ್ವಲ್ಪ ಶ್ರಮಪಟ್ಟರೂ ಮರುದಿನ ಹಾಸಿಗೆ ಹಿಡಿಯುವ ಕ್ರಾನಿಕ್ ಫಟೀಗ್ ಇದ್ದವರಿಗೆ, ಈ 'ವಾರಕ್ಕೆ ಎರಡು ನಿಮಿಷ ಸೇರಿಸಿ' ಅನ್ನೋದೂ ಬೇಡ. ಅವರು ಇರೋ ಶಕ್ತಿಯೊಳಗೆ ಇರಬೇಕು, ಊಟದ ಕಡೆಯಿಂದ ಮಾತ್ರ ನೋಡಬೇಕು.

ನಡಿಗೆಗಿಂತ ಮುಖ್ಯ ಅಂತ ನನಗೆ ಅನಿಸಿದ್ದು ಕುರ್ಚಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಮೊದಲು ಐದು ಸಲ. ಆಗದಿದ್ದರೆ ಸೀಟಿನ ಮೇಲೆ ದಿಂಬು ಹಾಕಿ ಎತ್ತರ ಮಾಡಿ. ತೊಡೆಯ ಮಾಂಸಖಂಡ ಗಟ್ಟಿಯಾದ ಮೇಲೆ ಬಸ್ ಮೆಟ್ಟಿಲು ಹತ್ತೋಕೆ ಕಂಬಿ ಹಿಡಿದು ಎಳೆದುಕೊಳ್ಳೋದು ತಪ್ಪಿತು.

ಇವರು ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ಊಟ ದಿಢೀರ್ ಕಡಿಮೆ ಮಾಡಿದರೆ ಶುಗರ್ ಕುಸಿಯುತ್ತದೆ. ಬೆವರು, ನಡುಕ, ಗಾಬರಿ ಬಂದು ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಕಿಡ್ನಿ ತೊಂದರೆ ಇದ್ದವರು ಮೇಲೆ ಹೇಳಿದ ಕಾಳು, ಮೊಟ್ಟೆ ಮಾತನ್ನು ಹಾಗೇ ತಗೊಳ್ಳಬೇಡಿ, ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಬೇಕು. ಕಡಿಮೆ ಸೋಡಿಯಂ ಅಂತ ಬರೋ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದೂ ಅವರಿಗೆ ಅಪಾಯ. ಹೃದಯದ ತೊಂದರೆ ಇದ್ದು ಎರಡು ಮೂರು ದಿನದಲ್ಲೇ 2 ಕೆಜಿ ಏರಿ ಕಾಲು ಊದಿದರೆ ಅದು ನೀರು, ಅವತ್ತೇ ಆಸ್ಪತ್ರೆಗೆ ಹೋಗಿ. ಏನೂ ಮಾಡದೆ ತಾನಾಗೇ ತೂಕ ಇಳಿದರೂ ಖುಷಿಪಡದೆ ತೋರಿಸಿ.

ನೋವಿಗೂ ತೂಕಕ್ಕೂ ಒಂದೇ ಪುಡಿ ಅಂತ ಚೀಟಿ ಇಲ್ಲದ ಪೊಟ್ಟಣ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅಂಥ ನೋವಿನ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರೋದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ನೋವು ಮಾಯ ಆದರೆ ಅನುಮಾನ ಪಡಿ. 2025ರಲ್ಲಿ ನಮ್ಮಲ್ಲೂ ಬಂದ, ತೂಕ ಇಳಿಸೋ ಮೌಂಜಾರೊ, ವೆಗೋವಿ ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಕೆಲಸ ಮಾಡುತ್ತವೆ, ದುಬಾರಿ, ನಿಲ್ಲಿಸಿದರೆ ಬಹಳ ಜನರಿಗೆ ತೂಕ ವಾಪಸ್ ಬರುತ್ತದೆ. ನಿಮ್ಮ ಬೇರೆ ಮಾತ್ರೆಗಳಿಗೆ ಹೊಂದುತ್ತವಾ ಅಂತ ಡಾಕ್ಟರನ್ನೇ ಕೇಳಿ, ಮೆಡಿಕಲ್ ಶಾಪ್ ಹುಡುಗನನ್ನಲ್ಲ.

ಮದುವೆ ಮನೆಯ ಪಂಕ್ತಿ

"ಹೋಳಿಗೆ ಒಂದೇನಾ? ಇನ್ನೊಂದು ಹಾಕಿಸ್ಕೊಳ್ರೀ" ಅಂತ ಬಡಿಸಿದವರೇ, ಎಲೆ ಎತ್ತಿದ ಮೇಲೆ "ಸ್ವಲ್ಪ ಮೈ ಇಳಿಸ್ಬೇಕ್ ನೀವು" ಅಂತಾರೆ. ನಾನು ಕಾಯಿಲೆ ಕಥೆ ಹೇಳೋಕೆ ಹೋಗಲ್ಲ. "ಮಾತ್ರೆದು ಕಣ್ರೀ" ಅಂತ ಒಂದೇ ಮಾತು ಹೇಳಿ ಮಾತು ಬದಲಿಸುತ್ತೇನೆ. ಎಲೆಯಲ್ಲಿ ಹೋಳಿಗೆ ಕೊನೆಗೆ ತಿನ್ನಿ, ಮೊದಲು ಕೋಸಂಬರಿ, ಪಲ್ಯ ಖಾಲಿ ಮಾಡಿ. ಬಡಿಸುವವರು ಎಲೆ ಖಾಲಿ ಇದ್ದ ಕಡೆಗೇ ಬರುತ್ತಾರೆ, ಆದ್ದರಿಂದ ಹೋಳಿಗೆ ಎಲೆಯಲ್ಲಿ ಕಾಣೋ ಹಾಗೆ ಇರಲಿ.

ಕೊನೆಗೆ ಬ್ಲೌಸಿನ ವಿಷಯ. ಈ ಮೂರು ತಿಂಗಳಲ್ಲಿ ಇಳಿದೆ ಅಂತ ಎಲ್ಲ ಬ್ಲೌಸ್ ಕೊಟ್ಟು ಬಿಗಿ ಮಾಡಿಸಿ, ಒಳಗಿನ ಬಟ್ಟೆ ಕತ್ತರಿಸಿಬಿಡಬೇಡಿ. ಕೀಲು ಮತ್ತೆ ಕೆರಳಿದರೆ ಡಾಕ್ಟರ್ ಸ್ಟೆರಾಯ್ಡ್ ಮತ್ತೆ ಶುರು ಮಾಡಬಹುದು, ಆಗ ಎರಡು ಕೆಜಿ ಬಂದೇ ಬರುತ್ತದೆ. ನಿಮ್ಮ ಟೈಲರ್‌ಗೆ ಹೇಳಿ, ಎರಡೂ ಪಕ್ಕಕ್ಕೆ ಒಂದೊಂದು ಇಂಚು ಒಳಗೆ ಬಿಟ್ಟು, ಕಾಲು ಕಾಲು ಇಂಚಿಗೆ ಮೂರು ಹೊಲಿಗೆ ಹಾಕಿಸಿ. ದಪ್ಪ ಆದಾಗ ಒಳಗಿನದು ಬಿಚ್ಚಿ, ಇಳಿದಾಗ ಮತ್ತೆ ಹಾಕಿ. ನನ್ನದರಲ್ಲಿ ಸದ್ಯಕ್ಕೆ ಎರಡನೇ ಹೊಲಿಗೆ ಮೇಲೆ ನಡೆಯುತ್ತಿದೆ.